ಪೆನ್‌ಡ್ರೈವ್ ಇರುವಾಗ ಪ್ಲೇಟು ಯಾಕೆ ಎನ್ನುವವರಿಗೆ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಸೌಂಡ್ಸ್‌ನವರು ಡಿಜೆ ಮಿಕ್ಸರ್ ಕೊಳ್ಳುವುದಾದರೆ ಎರಡು ಚಾನೆಲ್ಲಿನದು ಸಾಕು, ಆದರೆ ಅದರಲ್ಲಿ ನಿಜವಾದ ಫೋನೊ ಇನ್‌ಪುಟ್ ಇರಲೇಬೇಕು ಎಂದು ನಾನು ಹೇಳುತ್ತ ಬಂದಿದ್ದೇನೆ. ಎರಡು ಟರ್ನ್‌ಟೇಬಲ್ ಜೋಡಿಸಿ, ಹಳೆ ಪ್ಲೇಟನ್ನೂ ಲ್ಯಾಪ್‌ಟಾಪಿನಲ್ಲಿರುವ ಹಾಡನ್ನೂ ಅವುಗಳ ಮೇಲೇ ನುಡಿಸಬೇಕು ಎಂಬುದು ನನ್ನ ವಾದ. ಇದನ್ನು ಒಪ್ಪದವರು ಎರಡು ಬಗೆ. ಮೈಕ್ ಸೆಟ್ ಕಸುಬಿನಲ್ಲೇ ತಲೆ ನರೆತ ಹಿರಿಯರು ಒಂದು ಕಡೆ, ಡಿಜೆ ಎಂಬ ಹೆಸರು ಕೇಳಿದರೇ ನೊಂದುಕೊಳ್ಳುವ ಜಾನಪದದ ಅಭಿಮಾನಿಗಳು ಇನ್ನೊಂದು ಕಡೆ. ಇಬ್ಬರೂ ನನಗೆ ಬೇಕಾದವರೇ. ಅದಕ್ಕೇ ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಪೆನ್‌ಡ್ರೈವ್ ಚುಚ್ಚಿದರೆ ಹಾಡು ಬರುತ್ತದೆ, ಕಂಟ್ರೋಲರ್ ಇದ್ದರೆ ಇನ್ನೂ ಸಲೀಸು, ಟರ್ನ್‌ಟೇಬಲ್ ಯಾಕೆ? ಎಲ್ಲರಿಗಿಂತ ಮೊದಲು ಬರುವ ಪ್ರಶ್ನೆ ಇದು. ಹೊಸ ಸಿನಿಮಾ ಹಾಡು ಮಾತ್ರ ಹಾಕುವವರಿಗೆ ಇದು ಸರಿಯಾದ ಮಾತು. ಆ ಹಾಡುಗಳನ್ನು ಕಟ್ಟುವುದೇ ಕಂಪ್ಯೂಟರಿನ ತಾಳದ ಮೇಲೆ. ಶುರುವಿನ ವೇಗವೇ ಕೊನೆವರೆಗೂ. ಸಿಂಕ್ ಗುಂಡಿ ಒತ್ತಿದರೆ ಎರಡು ಹಾಡು ತಾವಾಗಿ ಕೂಡಿಕೊಳ್ಳುತ್ತವೆ. ಆದರೆ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಕಾಲದ ಹಾಡುಗಳು ಹಾಗಲ್ಲ. ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ ಹಾಡುಗಳಲ್ಲಿ ಪಲ್ಲವಿಯ ನಡೆಗೂ ಚರಣದ ನಡೆಗೂ ಕೂದಲೆಳೆಯಷ್ಟು ಅಂತರ ಬೀಳುತ್ತದೆ. ಕಂಸಾಳೆಯ ಧ್ವನಿಮುದ್ರಣ ತೆಗೆದುಕೊಳ್ಳಿ. ನಿಧಾನಕ್ಕೆ ಎತ್ತಿಕೊಂಡು, ಕುಣಿತ ಏರಿದಂತೆಲ್ಲ ತಾಳವೂ ಬಿಗಿಯಾಗುತ್ತ ಹೋಗುತ್ತದೆ. ಸಾಫ್ಟ್‌ವೇರ್ ಎಳೆಯುವ ಸಮ ಅಳತೆಯ ಗೆರೆಗಳು ಅಲ್ಲಿ ಕೆಲವೇ ಸುತ್ತಿನಲ್ಲಿ ತಪ್ಪಿಹೋಗುತ್ತವೆ. ಆಗ ಕಿವಿ ಹೇಳಿದಂತೆ ಕೈ ನಡೆಯಬೇಕು: ತಿರುಗುವ ತಟ್ಟೆಯನ್ನು ಬೆರಳಿನಿಂದ ಚೂರು ತಡೆಯುವುದು, ಚೂರು ಮುಂದೆ ತಳ್ಳುವುದು, ಪಿಚ್ ಸರಿಪಡಿಸುವುದು. ಕಂಟ್ರೋಲರಿನ ಪುಟ್ಟ ಚಕ್ರದಲ್ಲೂ ಇದನ್ನು ಮಾಡಬಹುದು, ಅಲ್ಲವೆನ್ನುವುದಿಲ್ಲ. ಆದರೆ ಮೋಟಾರಿನಿಂದ ತಾನೇ ತಿರುಗುವ ಹನ್ನೆರಡು ಇಂಚಿನ ಪ್ಲೇಟಿನ ಮೇಲೆ ಬೆರಳಿಗೆ ಸಿಗುವ ಹಿಡಿತವೇ ಬೇರೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹಳೆ ಮೈಕ್ ಸೆಟ್ ಮನೆಗಳ ಅಟ್ಟದಲ್ಲಿ ಇನ್ನೂ ಉಳಿದಿರುವ ಎಲ್‌ಪಿ, ಇಪಿ ಪ್ಲೇಟುಗಳು ಪೆನ್‌ಡ್ರೈವಿಗೆ ತಾವಾಗಿ ಇಳಿದು ಬರುವುದಿಲ್ಲ.

ಲ್ಯಾಪ್‌ಟಾಪಿನ ಹಾಡನ್ನು ಪ್ಲೇಟಿನಿಂದ ಆಡಿಸುವುದು ಬರೀ ತೋರಿಕೆ ಎನ್ನುವವರಿದ್ದಾರೆ. ಅದರ ಕೆಲಸ ತಿಳಿದರೆ ಆ ಸಂದೇಹ ಉಳಿಯುವುದಿಲ್ಲ. ಇದಕ್ಕೆ ಬಳಸುವ ಟೈಮ್‌ಕೋಡ್ ಪ್ಲೇಟಿನಲ್ಲಿ ಹಾಡು ಇರುವುದಿಲ್ಲ, ಒಂದೇ ಸಮನೆ ಕೂಗುವ ದನಿ ಇರುತ್ತದೆ. ಸೆರಾಟೊ ಎಂಬ ಡಿಜೆ ಸಾಫ್ಟ್‌ವೇರಿನ ಪ್ಲೇಟಿನಲ್ಲಿ ಅದು ಸೆಕೆಂಡಿಗೆ 1000 ಕಂಪನದ ದನಿ. ಪ್ಲೇಟು ನಿಧಾನವಾದರೆ ದನಿ ಇಳಿಯುತ್ತದೆ, ವೇಗವಾದರೆ ಏರುತ್ತದೆ. ಸಾಫ್ಟ್‌ವೇರಿಗೆ ವೇಗ ಗೊತ್ತಾಗುವುದು ಹೀಗೆ. ಎಡ ಬಲ ಚಾನೆಲ್‌ಗಳ ಅಲೆಗಳು ಒಂದಕ್ಕೊಂದು ಕಾಲು ಸುತ್ತು ಹಿಂದೆ ಮುಂದೆ ಇರುವುದರಿಂದ ಪ್ಲೇಟು ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದೂ ಗೊತ್ತಾಗುತ್ತದೆ. ಮುಳ್ಳು ಎಲ್ಲಿದೆ ಎಂಬ ಗುರುತು ಅದೇ ದನಿಯ ಒಳಗೆ ಅಡಗಿರುತ್ತದೆ. ಕೈ ಮಾಡಿದ್ದನ್ನೆಲ್ಲ ಹಾಡು ಮಾಡುತ್ತದೆ.

ಹಿರಿಯರ ದೊಡ್ಡ ಆಕ್ಷೇಪ ಬೇರೆ ಇದೆ: ಮನೆಯಲ್ಲಿ ಅಹುಜಾ ಮಿಕ್ಸರ್ ಇದೆ, ಎಂಟು ಚಾನೆಲ್ ಇದೆ, ಅದಕ್ಕೇ ಟರ್ನ್‌ಟೇಬಲ್ ಸಿಕ್ಕಿಸಿದರೆ ಆಗದೆ? ಈ ಪ್ರಶ್ನೆಗೆ ಸ್ವಲ್ಪ ನಿಂತು ಉತ್ತರಿಸಬೇಕು. ಟರ್ನ್‌ಟೇಬಲ್ಲಿನ ಕಾರ್ಟ್ರಿಡ್ಜ್ ಹೊರಡಿಸುವುದು ಸುಮಾರು 3ರಿಂದ 5 ಮಿಲಿವೋಲ್ಟ್. ಲೈನ್ ಇನ್‌ಪುಟ್ ಎದುರು ನೋಡುವುದು ಅದರ ಸುಮಾರು ನೂರು ಪಟ್ಟು. ಗೇನ್ ತಿರುಗಿಸಿ ಆ ಕೊರತೆಯನ್ನು ತುಂಬಿದರೂ ಹಾಡು ತಗಡಿನ ದನಿಯಾಗಿಯೇ ಬರುತ್ತದೆ. ಪ್ಲೇಟು ಕೊರೆಯುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಹೆಚ್ಚಿಸಿ ಕೊರೆದಿರುತ್ತಾರೆ. ಇಲ್ಲವಾದರೆ ಬೇಸಿನ ಅಗಲದ ಅಲೆಗಳಿಗೆ ಗೆರೆಯಲ್ಲಿ ಜಾಗ ಸಾಲದು. ನುಡಿಸುವಾಗ ಅದನ್ನು ತಿರುಗುಮುರುಗು ಮಾಡಬೇಕು. 1954ರಿಂದ ಇದಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ ನಡೆದುಬಂದಿದೆ. ಫೋನೊ ಇನ್‌ಪುಟ್ ಮಾಡುವುದು ಈ ಎರಡೂ ಕೆಲಸವನ್ನು: ದನಿಯನ್ನು ನೂರು ಪಟ್ಟು ಎತ್ತುವುದು, ಆರ್‌ಐಎಎ ಅಳತೆಯಂತೆ ಬೇಸ್ ಮರಳಿ ಕೊಡುವುದು. ಮೈಕ್ ಸೆಟ್ಟಿನ ಮಿಕ್ಸರಿನಲ್ಲಿ ಅದು ಇಲ್ಲದಿದ್ದರೆ ಮಧ್ಯೆ ಒಂದು ಫೋನೊ ಪ್ರಿಆಂಪ್ ಇಟ್ಟು ಹಾಡು ಕೇಳಬಹುದು. ಕೇಳುವುದಕ್ಕೆ ಅಷ್ಟು ಸಾಕು. ಎರಡು ಪ್ಲೇಟು ಕೂಡಿಸುವವನಿಗೆ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಮೊದಲೇ ಕೇಳುವ ಕ್ಯೂ ಬೇಕು, ಕ್ರಾಸ್‌ಫೇಡರ್ ಬೇಕು. ಅವೆರಡೂ ಒಟ್ಟಿಗೆ ಸಿಗುವುದು ಡಿಜೆ ಮಿಕ್ಸರಿನಲ್ಲೇ.

ಇಲ್ಲಿ ನಮ್ಮ ಸೀಮೆಯ ಕಷ್ಟವೊಂದು ಸೇರಿಕೊಳ್ಳುತ್ತದೆ: ಹಮ್ಮಿಂಗ್. ಜಾತ್ರೆಯಲ್ಲಿ ಕರೆಂಟು ಜನರೇಟರಿನದು, ಅರ್ತಿಂಗ್ ಎಷ್ಟೋ ಕಡೆ ಹೆಸರಿಗೆ ಮಾತ್ರ. ನಮ್ಮ ಕರೆಂಟಿನ 50 ಹರ್ಟ್ಸ್‌ನ ಜಾಗದಲ್ಲೇ ಫೋನೊ ಇನ್‌ಪುಟ್ 17 ಡೆಸಿಬಲ್ ಬೇಸ್ ಏರಿಸುತ್ತದೆ, ಎಂದರೆ ನಡುದನಿಗಿಂತ ಏಳು ಪಟ್ಟು. ಪ್ಲೇಯರಿನ ಅರ್ತ್ ತಂತಿ ಬಿಟ್ಟುಹೋದರೆ ಗುಡಿಯ ಮುಂದೆಲ್ಲ ಗುಂಯ್ ಎನ್ನುತ್ತದೆ. ಆದ್ದರಿಂದ ಮಿಕ್ಸರ್ ಕೊಳ್ಳುವಾಗ ಹಿಂದೆ ತಿರುಗಿಸಿ, ಅರ್ತ್ ತಿರುಪು ಗಟ್ಟಿಯಾಗಿದೆಯೇ ನೋಡಿ. ಔಟ್‌ಪುಟ್ಟು ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಆಗಿರಲಿ. ವೇದಿಕೆಯಿಂದ ಆಂಪ್ಲಿಫೈಯರಿಗೆ ಉದ್ದದ ಕೇಬಲ್ ಎಳೆಯುವವರಿಗೆ ಆರ್‌ಸಿಎ ತಂತಿ ನಂಬುವಂಥದಲ್ಲ. ಮೈಕ್ ಇನ್‌ಪುಟ್ಟಿಗೆ ಪ್ರತ್ಯೇಕ ವಾಲ್ಯೂಮ್, ಈಕ್ಯೂ ಇರಲಿ. ಊರಹಬ್ಬದಲ್ಲಿ ಹಾಡಿನ ನಡುವೆ ಕಳೆದುಹೋದ ಮಗುವಿನ ಹೆಸರು, ದಾನಿಗಳ ಪಟ್ಟಿ, ಪ್ರಸಾದದ ಕರೆ ಎಲ್ಲ ಅದರಲ್ಲೇ ಹೋಗಬೇಕು.

ಮುಳ್ಳು ಹಾರುತ್ತದೆ, ಬಾಕ್ಸಿನ ಹೊಡೆತಕ್ಕೆ ಪ್ಲೇಟು ನಿಲ್ಲುವುದಿಲ್ಲ ಎನ್ನುವವರ ಅನುಭವ ದೊಡ್ಡದು. ಹಲಗೆಯ ವೇದಿಕೆ ಅಲುಗಾಡುವುದೂ ನಿಜ. ಸಬ್‌ವೂಫರಿನ ಮೇಲೆ, ಅದರ ಪಕ್ಕದಲ್ಲಿ ಪ್ಲೇಯರ್ ಇಡಬಾರದು. ಭಾರದ ಕಲ್ಲುಚಪ್ಪಡಿಯ ಕೆಳಗೆ ರಬ್ಬರ್ ಕೊಟ್ಟು ಅದರ ಮೇಲಿಡಬೇಕು. ಟೈಮ್‌ಕೋಡಿಗೆ ಇನ್ನೊಂದು ರಕ್ಷೆ ಇದೆ. ಸಾಫ್ಟ್‌ವೇರನ್ನು ರಿಲೇಟಿವ್ ಮೋಡಿನಲ್ಲಿ ಇಟ್ಟರೆ ಅದು ವೇಗವನ್ನೂ ದಿಕ್ಕನ್ನೂ ಮಾತ್ರ ನೋಡುತ್ತದೆ. ಮುಳ್ಳು ಪಕ್ಕದ ಗೆರೆಗೆ ಹಾರಿದರೂ ಹಾಡು ಎಲ್ಲಿತ್ತೋ ಅಲ್ಲಿಂದಲೇ ಸಾಗುತ್ತದೆ. ಲಾರಿಯ ಮೇಲಿನ ಮೆರವಣಿಗೆಗೆ ಮಾತ್ರ ಟರ್ನ್‌ಟೇಬಲ್ ಬೇಡ, ಅದನ್ನು ನಾನೂ ಒಪ್ಪುತ್ತೇನೆ.

ನಾಲ್ಕು ಚಾನೆಲ್, ಹದಿನಾರು ಪ್ಯಾಡ್, ಎಫೆಕ್ಟಿನ ಸಾಲು ಇದ್ದರೆ ಗಿರಾಕಿ ಹೆಚ್ಚುತ್ತಾರೆ ಎಂಬ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಎರಡು ಕೈಗೆ ಎರಡು ಚಾನೆಲ್ ಸಾಕು. ಪ್ಯಾಡು, ಎಫೆಕ್ಟು ತುಂಬಿದ ಪಯೊನಿಯರ್ ಡಿಜೆಎಂ-ಎಸ್11ರಂಥ ಮಿಕ್ಸರಿಗೆ ಲಕ್ಷ ದಾಟಿ ಸುರಿಯುವ ದುಡ್ಡಿನಲ್ಲಿ ಒಂದು ಭಾಗವನ್ನು ಒಳ್ಳೆಯ ಕಾರ್ಟ್ರಿಡ್ಜಿಗೆ, ಒಂದು ಭಾಗವನ್ನು ಕ್ರಾಸ್‌ಫೇಡರಿಗೆ ಹಾಕಿ. ಇಂಗಾಲದ ಪಟ್ಟಿಯ ಮೇಲೆ ಉಜ್ಜುವ ಫೇಡರಿಗೆ ಜಾತ್ರೆಯ ದೂಳು ಹೊಕ್ಕರೆ ಕರಕರ ಶುರು. ಅಯಸ್ಕಾಂತದ ಫೇಡರಿನಲ್ಲಿ ಉಜ್ಜುವುದೇ ಇಲ್ಲ, ದೂಳಿಗೆ ಅದು ಬೇಗ ಸೋಲುವುದಿಲ್ಲ. ನಮ್ಮ ಮಣ್ಣಿನ ಮೈದಾನಗಳಿಗೆ ಅದೇ ಸರಿ.

ಮಿಕ್ಸರಿನೊಳಗೇ ಸೌಂಡ್ ಕಾರ್ಡ್ ಇರಬೇಕು, ಬೇರೆ ಪೆಟ್ಟಿಗೆ ತೊಂದರೆ ಎಂದು ಚಿಕ್ಕ ವಯಸ್ಸಿನವರು ಹೇಳುತ್ತಾರೆ. ತಂತಿ ಕಡಿಮೆಯಾಗುತ್ತದೆ, ಅದು ಅನುಕೂಲವೇ. ಆದರೆ ಸಾಫ್ಟ್‌ವೇರಿನ ಆಯಸ್ಸು ಮಿಕ್ಸರಿನ ಆಯಸ್ಸಿಗಿಂತ ಕಡಿಮೆ. 2004ರಲ್ಲಿ ಸೆರಾಟೊದ ಸ್ಕ್ರಾಚ್ ಲೈವ್ ರೇನ್ ಕಂಪನಿಯ ಪೆಟ್ಟಿಗೆಯೊಂದಿಗೆ ಬಂತು. ಆಮೇಲೆ ಅದಕ್ಕೆಂದೇ ರೇನ್ ಮಾಡಿದ ಟಿಟಿಎಂ 57ಎಸ್‌ಎಲ್ ಮಿಕ್ಸರಿಗೆ, ಸ್ಕ್ರಾಚ್ ಲೈವ್ ನಿಂತು ಸೆರಾಟೊ ಡಿಜೆ ಬಂದಾಗ ಹೊಸದರ ಬೆಂಬಲ ಸಿಗಲಿಲ್ಲ. ಆದರೂ ಅದರ ಫೋನೊ ಇನ್‌ಪುಟ್ಟು, ಫೇಡರು ಹಾಗೇ ಕೆಲಸ ಮಾಡುತ್ತವೆ. ನನ್ನ ಸಲಹೆ ಇಷ್ಟು: ಮೊದಲು ಸಾಫ್ಟ್‌ವೇರ್ ನಿರ್ಧರಿಸಿ. ಸೆರಾಟೊ ಆದರೆ ಅದು ಒಪ್ಪಿದ ಮಿಕ್ಸರ್ ಅಥವಾ ಪೆಟ್ಟಿಗೆಯೇ ಬೇಕು. ಕೈಯಲ್ಲಿ ದುಡ್ಡಿಲ್ಲದವರಿಗೆ ಮಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಎರಡು ಸ್ಟೀರಿಯೊ ಇನ್‌ಪುಟ್ ಇರುವ ಸಾಮಾನ್ಯ ಸೌಂಡ್ ಕಾರ್ಡಿನಲ್ಲಿ ನಡೆಯುತ್ತದೆ, ಸೆರಾಟೊದ ಟೈಮ್‌ಕೋಡ್ ಪ್ಲೇಟನ್ನೂ ಓದುತ್ತದೆ.

ಈಗ ಜಾನಪದದ ಅಭಿಮಾನಿಗಳ ಮಾತು. ಡಿಜೆ ಬಂದಲ್ಲಿ ಕಂಸಾಳೆ, ತಂಬೂರಿ ಮೂಲೆ ಸೇರುತ್ತವೆ, ನೀನು ಅದಕ್ಕೇ ದಾರಿ ಮಾಡಿಕೊಡುತ್ತಿದ್ದೀಯ ಎನ್ನುತ್ತಾರೆ. ಅವರ ನೋವು ನನ್ನದೂ ಹೌದು. ಮಾದಪ್ಪನ ಕಂಸಾಳೆ ಹಿಡಿಯುವ ದೇವರಗುಡ್ಡರು ಗುರುವಿನಿಂದ ದೀಕ್ಷೆ ಪಡೆದವರು. ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಕಥೆ ಎತ್ತುವ ನೀಲಗಾರರಿಗೆ ತಂಬೂರಿ ಎಂದರೆ ದೇವರಿಗೆ ಒಪ್ಪಿಸಿದ ಬಾಳಿನ ಗುರುತು. ಅವರು ಕೂತಲ್ಲಿ ಬಾಕ್ಸು ಹೊಡೆಯುವುದನ್ನು ನಾನು ಒಪ್ಪುವುದಿಲ್ಲ, ಅವರ ಪದವನ್ನು ಅವರನ್ನು ಕೇಳದೆ ಕತ್ತರಿಸಿ ಕುಣಿತಕ್ಕೆ ಜೋಡಿಸುವುದನ್ನೂ ಒಪ್ಪುವುದಿಲ್ಲ. ಆದರೆ ನಿಮ್ಮನ್ನು ನೋಯಿಸುತ್ತಿರುವುದು ಗೋಡೆಯಂತೆ ಕಟ್ಟಿದ ಬಾಕ್ಸು, ಅದರ ಹಿಂದಿನ ಆಂಪ್ಲಿಫೈಯರು. ಮಿಕ್ಸರಿಗೆ ಸದ್ದು ಮಾಡುವ ಶಕ್ತಿಯೇ ಇಲ್ಲ. ಸದ್ದಿಗೆ ಕಾನೂನಿದೆ: 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ, ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಬಹುದು. ಅದನ್ನು ಪಾಲಿಸಿ ಎಂದು ಸಮಿತಿಯವರ ಮುಂದೆ ನಿಲ್ಲುವಾಗ ನಾನು ನಿಮ್ಮ ಜೊತೆಗಿರುತ್ತೇನೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದ ಕಾಡಂಚಿನಲ್ಲಂತೂ ಬಾಕ್ಸು ಇಳಿಸುವುದೇ ತಪ್ಪು.

ಇನ್ನು ಪ್ಲೇಟು ನುಡಿಸುವವನಿಂದ ಜಾನಪದಕ್ಕೆ ಏನು ಲಾಭ? ಅವನು ಹಳೆಯದನ್ನು ಹುಡುಕುತ್ತಾನೆ. ಅಟ್ಟದಿಂದ ಪ್ಲೇಟು ಇಳಿಸಿ, ತೊಳೆದು, ಕೇಳಿ, ಲ್ಯಾಪ್‌ಟಾಪಿಗೆ ಇಳಿಸಿ ಉಳಿಸುತ್ತಾನೆ. ಯುಎಸ್‌ಬಿ ಇರುವ ಫೋನೊ ಮಿಕ್ಸರಿನಿಂದ ಅದೂ ಆಗುತ್ತದೆ. ಕ್ಯಾಸೆಟ್ ಡೆಕ್ಕನ್ನು ಅದೇ ಚಾನೆಲ್ಲಿನ ಲೈನ್ ಬದಿಗೆ ಸಿಕ್ಕಿಸಿದರೆ ಗುರುರಾಜುಲು ನಾಯ್ಡು ಅವರ ಹರಿಕಥೆಯ ಕ್ಯಾಸೆಟ್ಟುಗಳನ್ನೂ ಉಳಿಸಬಹುದು. 78ರ ಅರಗಿನ ಪ್ಲೇಟು ಸಿಕ್ಕವರು ಮಾತ್ರ ದಯವಿಟ್ಟು ಮಾಮೂಲಿ ಮುಳ್ಳು ಹಚ್ಚಬೇಡಿ. ಅದರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳು ಬೇರೆಯೇ ಬೇಕು. ಎಷ್ಟೋ ಡಿಜೆ ಟರ್ನ್‌ಟೇಬಲ್‌ಗಳಲ್ಲಿ 78ರ ವೇಗವೂ ಇರುವುದಿಲ್ಲ.

ಇದು ಅಮೆರಿಕದ ಸಿರಿವಂತರ ಆಟ, ನಮಗೇಕೆ ಎನ್ನುವವರಿಗೆ ಒಂದೇ ಸಂಗತಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಎರಡು ಟರ್ನ್‌ಟೇಬಲ್ ಇಟ್ಟು ಪಾರ್ಟಿಯಲ್ಲಿ ಹಾಡು ನುಡಿಸಿದ ಡಿಜೆ ಕೂಲ್ ಹರ್ಕ್, ಜಮೈಕಾದ ಕಿಂಗ್ಸ್‌ಟನ್‌ನಲ್ಲಿ ಹುಟ್ಟಿ ವಲಸೆ ಬಂದವರು. ಕಿಂಗ್ಸ್‌ಟನ್ನಿನ ಬೀದಿಗಳಲ್ಲಿ ಬಡವರ ಕುಣಿತಕ್ಕೆ ದೊಡ್ಡ ಬಾಕ್ಸು ತಂದು ನಿಲ್ಲಿಸುವ ಸೌಂಡ್ ಸಿಸ್ಟಮ್‌ಗಳನ್ನು ನೋಡಿ ಬೆಳೆದವರು. ಆ ಸೌಂಡ್ ಸಿಸ್ಟಮ್‌ಗಳೂ ನಮ್ಮ ಮೈಕ್ ಸೆಟ್ಟೂ ಒಂದೇ ಕಸುಬು.

ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂಬುದು ಕೊನೆಯ ಮಾತು, ಇದರಲ್ಲಿ ಹುರುಳಿದೆ. ಕೊಳ್ಳುವ ಮುಂಚೆಯೇ ಫೇಡರ್ ತಿರುಪು ಬಿಚ್ಚಿ ತೆಗೆಯುವಂಥದ್ದೇ ಎಂದು ನೋಡಿ, ಬದಲಿ ಫೇಡರ್ ಒಂದನ್ನು ಮಿಕ್ಸರಿನ ಜೊತೆಗೇ ತರಿಸಿ. ಸೆಕೆಂಡ್ ಹ್ಯಾಂಡ್ ಆದರೆ ಪ್ಲೇಯರನ್ನು ಹೊತ್ತುಕೊಂಡೇ ಹೋಗಿ. ಎರಡೂ ಫೋನೊ ಇನ್‌ಪುಟ್ಟಿಗೆ ಹಚ್ಚಿ, ಹೆಡ್‌ಫೋನ್ ಹಾಕಿ, ಫೇಡರನ್ನು ನಿಧಾನಕ್ಕೆ ಸರಿಸುತ್ತ ಎಡ ಬಲ ಎರಡೂ ಸಮ ಬರುತ್ತವೆಯೇ, ಎಲ್ಲಾದರೂ ಕರಕರ ಇದೆಯೇ ಕೇಳಿ. ಯುಎಸ್‌ಬಿ ಜಾಗ ಸಡಿಲವಾಗಿದ್ದರೆ ಬಿಟ್ಟುಬನ್ನಿ. ನಿಮ್ಮ ಲ್ಯಾಪ್‌ಟಾಪಿನ ವಿಂಡೋಸ್‌ಗೆ ಆ ಮಿಕ್ಸರಿನ ಡ್ರೈವರ್ ಕಂಪನಿ ಇನ್ನೂ ಕೊಡುತ್ತಿದೆಯೇ ಎಂಬುದನ್ನು ದುಡ್ಡು ಎಣಿಸುವ ಮೊದಲು ನೋಡಿಕೊಳ್ಳಿ.