ಅಂಕಿತವಿಡಲಾಗದ ಮಾತು

ಮಕರ ಸಂಕ್ರಮಣಕ್ಕೆ ಸೊಲ್ಲಾಪುರದ ಬೀದಿಗಳಲ್ಲಿ ಸಿದ್ಧರಾಮೇಶ್ವರನ ಏಳು ನಂದಿಧ್ವಜಗಳು ಹೊರಡುತ್ತವೆ. ಬಿಳಿಯ ಉಡುಪು ತೊಟ್ಟು, ಹಣೆಗೆ ವಿಭೂತಿ ಧರಿಸಿದ ತರುಣರು ಅವುಗಳ ಭಾರ ಹೊರುತ್ತಾರೆ. ಕೆಲವು ವರ್ಷಗಳ ಹಿಂದೆ ಆ ಸಂದಣಿಯಲ್ಲಿ ಒಬ್ಬನ ಕಾಲನ್ನು ಮತ್ತೊಬ್ಬ ತುಳಿದ. ಒಡನೆಯೇ ವಿಭೂತಿಯ ಹಣೆಯ ಕೆಳಗಿನ ಬಾಯಿಂದ ತುಳಿದವನ ತಾಯಿಯ ಮೇಲೆ ಬೈಗುಳ ಬಿತ್ತು. ಹಿರಿಯರು ನಕ್ಕು, "ಹುಡುಗರು, ಬಿಡ್ರಿ" ಎಂದರು. ನನ್ನ ತಕರಾರು ಆ ಹುಡುಗನ ಮೇಲಲ್ಲ, ನಕ್ಕ ಹಿರಿಯರ ಮೇಲೆ. ಅವರಲ್ಲಿ ನಾನೂ ಒಬ್ಬ.

ಗಡಿಯ ಕನ್ನಡಿಗರಾದ ನಾವು ಶುದ್ಧ ಭಾಷೆಯೆಂದೊಡನೆ ಮರಾಠಿ ಪದಗಳನ್ನು ಹೆಕ್ಕಲು ಕೂಡುತ್ತೇವೆ. ಶಿಕ್ಷಕನಾಗಿದ್ದಷ್ಟು ಕಾಲವೂ ನಾನು 'ಖೋಲಿ', 'ಪಗಾರ', 'ಚಾವಿ'ಗಳಿಗೆ ಕೆಂಪು ಶಾಯಿಯ ಗೆರೆ ಎಳೆದೆ. ಆದರೆ ಮೈದಾನದಲ್ಲಿ ಹುಡುಗನೊಬ್ಬ ಜೊತೆಗಾರನನ್ನು ಜಾತಿಯ ಹೆಸರು ಹಿಡಿದು ಜರೆದಾಗ ಎರಡು ಏಟು ಕೊಟ್ಟು ಸುಮ್ಮನಾದೆ. ಆ ಮಾತಿನಲ್ಲಿ ಏನು ಹೊಲಸಿದೆಯೆಂದು ತಿಳಿಹೇಳಲಿಲ್ಲ. ಖೋಲಿಯೆಂದರೆ ಕನ್ನಡಕ್ಕೆ ಮೈಲಿಗೆಯಾಗದು. ಮೈಲಿಗೆಯಾಗುವುದು ಮನುಷ್ಯನನ್ನು ಕೀಳುಗೈದಾಗ.

ನಮ್ಮ ಬೈಗುಳಗಳನ್ನು ಒಮ್ಮೆ ಬಿಡಿಸಿ ನೋಡಿರಿ. ಜಗಳ ಇಬ್ಬರು ಗಂಡಸರದು. ಪೆಟ್ಟು ತಿನ್ನುವವಳು ಅಲ್ಲಿಲ್ಲದ ತಾಯಿ, ಅಕ್ಕ, ತಲೆ ಬೋಳಿಸಿಕೊಳ್ಳಬೇಕಾಗಿ ಬಂದ ವಿಧವೆ. ತಪ್ಪೇ ಮಾಡದವರ ಮೇಲೆ ಎರಚುವ ಈ ಕೆಸರಿಗೆ ಶೌರ್ಯವೆಂಬ ಹೆಸರು ಬೇರೆ! ಹನ್ನೆರಡನೆಯ ಶತಮಾನದ ಶರಣರು ಮಾಡಿದ್ದೇನು? ಇಂದು ಬೀದಿಯಲ್ಲಿ ಬೈಗುಳವಾಗಿರುವ ಪದವನ್ನೇ ಹೆಸರಿನಲ್ಲಿ ಹೊತ್ತ ಸೂಳೆ ಸಂಕವ್ವೆ ಅವರ ಬಳಗದ ವಚನಕಾರ್ತಿ. ಸಮಾಜ ತುಳಿದವರನ್ನು ಅವರು ಅಪ್ಪ, ಅವ್ವ, ಅಯ್ಯಾ ಎಂದು ಕರೆದರು. ನಾವು ಅವರ ಭಾವಚಿತ್ರಕ್ಕೆ ಹಾರ ಹಾಕಿ, ಅವರು ಮೇಲೆತ್ತಿದವರನ್ನು ನಾಲಿಗೆಯಿಂದ ಮತ್ತೆ ಕೆಳಗೆ ತಳ್ಳುತ್ತಿದ್ದೇವೆ.

"ಅಂಬಿಗರ ಚೌಡಯ್ಯ ಕಟುವಾಗಿ ನುಡಿಯಲಿಲ್ಲವೇ?" ಎಂದು ಕೇಳುವ ಜಾಣರಿದ್ದಾರೆ. ನುಡಿದ, ನಿಜ. ಆದರೆ ಅವನ ಚಾಟಿ ಬಿದ್ದದ್ದು ಡಾಂಭಿಕರ ಮೇಲೆ. ಅಲ್ಲದೆ ತನ್ನ ಹೆಸರನ್ನೇ ಅಂಕಿತವಾಗಿಟ್ಟು ಪ್ರತಿ ಮಾತಿಗೂ ಆತ ಹೊಣೆ ಹೊತ್ತ. ಕಟುನುಡಿ ಬೇರೆ, ಹೊಲಸು ನುಡಿ ಬೇರೆ. ಅನ್ಯಾಯವನ್ನು ಕಂಡು ಸಿಡಿಯುವ ತರುಣನಿಗೆ ನಾನು ಸೌಮ್ಯನಾಗೆಂದು ಹೇಳಲಾರೆ.

ಭಕ್ತನೆನಿಸುವ ತರುಣನೇ, ನಿನಗೆ ಒಂದೇ ಒರೆಗಲ್ಲು ಸಾಕು. ಸಿದ್ಧರಾಮನ ವಚನಗಳು 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತದಿಂದ ಮುಗಿಯುತ್ತವೆ. ನೀನಾಡಿದ ಮಾತಿನ ಕೊನೆಗೆ ನಿನ್ನ ದೇವರ ಹೆಸರು ಸೇರಿಸಿ ನೋಡು. ಸೇರಿಸಲು ನಾಚಿಕೆಯಾದರೆ ಆ ಮಾತು ಆಡತಕ್ಕದ್ದಲ್ಲ.

ಹಿರಿಯರಾದ ನಮಗೂ ಅದೇ ಒರೆಗಲ್ಲು. ಇನ್ನೊಮ್ಮೆ ಅಂಥ ಮಾತು ಕಿವಿಗೆ ಬಿದ್ದಾಗ ನಗದಿರೋಣ. ಹುಡುಗನನ್ನು ಬದಿಗೆ ಕರೆದು, ಬೈಗುಳದ ಅರ್ಥವನ್ನು ಬಿಡಿಸಿ ಹೇಳೋಣ. ನಾನು ತರಗತಿಯಲ್ಲಿ ಕಲಿಸದೆ ಉಳಿಸಿದ ಪಾಠ ಅದು.