ಪಾರ್ಶ್ವವಾಯುವಿನ ಚಿಕಿತ್ಸೆ ರಾತ್ರಿಯೂ ಸಿಗಲಿ, ಉಪನಗರಕ್ಕೂ ಬರಲಿ: ಬೃಹನ್ಮುಂಬಯಿ ಮಹಾನಗರ ಪಾಲಿಕೆಗೆ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಬೃಹನ್ಮುಂಬಯಿ ಮಹಾನಗರ ಪಾಲಿಕೆ,
ಮಹಾಪಾಲಿಕೆ ಮಾರ್ಗ, ಮುಂಬಯಿ 400001

ಪ್ರತಿಗಳು: ಸಾರ್ವಜನಿಕ ಆರೋಗ್ಯ ಇಲಾಖೆ, ಮಹಾರಾಷ್ಟ್ರ ಸರ್ಕಾರ, ಪಾಲಿಕೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಡೀನರು

ವಿಷಯ: ಪಾರ್ಶ್ವವಾಯು ರೋಗಿಗಳಿಗೆ ತುರ್ತು ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅರಿವಳಿಕೆ ಸೇವೆ ಹಾಗೂ ಸಂಶೋಧನೆಯಲ್ಲಿ ರೋಗಿಯ ಹಕ್ಕುಗಳ ಬಗ್ಗೆ.

ಮಾನ್ಯರೇ,

ಪಾರ್ಶ್ವವಾಯುವಿಗೆ ಮದ್ದಿಲ್ಲ ಎಂದು ನಂಬಿಕೊಂಡೇ ಬೆಳೆದವರು ನಾವು. ಲಕ್ವ ಹೊಡೆದರೆ ಊರಿಗೆ ಕರೆದೊಯ್ದು ಎಣ್ಣೆ ತಿಕ್ಕಿಸುವುದು, ಹರಕೆ ಹೊರುವುದು, ಮಿಕ್ಕದ್ದು ಹಣೆಬರಹ. ಆ ನಂಬಿಕೆ ಸುಳ್ಳಾಗಿ ಮೂವತ್ತು ವರ್ಷ ಸಂದಿದೆ. ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿನಲ್ಲಿ ಮೂರು ಗಂಟೆಯೊಳಗೆ ಹೆಪ್ಪು ಕರಗಿಸುವ ಸೂಜಿಮದ್ದು ಕೊಟ್ಟರೆ ರೋಗಿ ಚೇತರಿಸಿಕೊಳ್ಳುವ ಸಂಭವ ಹೆಚ್ಚು ಎಂದು ಅಮೆರಿಕದ ಪ್ರಯೋಗವೊಂದು 1995ರಲ್ಲೇ ತೋರಿಸಿಕೊಟ್ಟಿತು. 2008ರಲ್ಲಿ ಯುರೋಪಿನ ಅಧ್ಯಯನ ಆ ಗಡುವನ್ನು ನಾಲ್ಕೂವರೆ ಗಂಟೆಗೆ ಏರಿಸಿತು. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಮೆದುಳಿನ ದೊಡ್ಡ ನಾಳದ ಹೆಪ್ಪನ್ನೇ ಎಳೆದು ತೆಗೆಯುವ ಥ್ರಾಂಬೆಕ್ಟಮಿಯನ್ನು 2015ರಲ್ಲಿ ಪ್ರಕಟವಾದ ಐದು ಪ್ರಯೋಗಗಳು ಎತ್ತಿಹಿಡಿದವು. ಅವುಗಳಲ್ಲಿದ್ದ 1,287 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಸೇರಿಸಿ ನೋಡಿದಾಗ, ಮೂವರಿಗಿಂತ ಕಡಿಮೆ ಜನರಿಗೆ ಈ ಚಿಕಿತ್ಸೆ ಕೊಟ್ಟರೆ ಅವರಲ್ಲಿ ಒಬ್ಬರ ಅಂಗವೈಕಲ್ಯ ಕನಿಷ್ಠ ಒಂದು ಹಂತವಾದರೂ ತಗ್ಗುತ್ತದೆಂದು ಕಂಡುಬಂತು. ಇಷ್ಟು ಖಚಿತವಾಗಿ ಫಲ ಕೊಡುವ ಚಿಕಿತ್ಸೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಆದ್ದರಿಂದ ಹೊಸದೇನನ್ನೋ ಕಂಡುಹಿಡಿಯಿರಿ ಎಂದು ಕೇಳಲು ನಾವು ಬಂದಿಲ್ಲ. ಕಂಡುಹಿಡಿದಾಗಿರುವುದು ರಾತ್ರಿ ಎರಡು ಗಂಟೆಗೆ ಗೋವಂಡಿಯ ರಿಕ್ಷಾ ಚಾಲಕನಿಗೂ ದಹಿಸರದ ಹೊಟೇಲು ಕಾರ್ಮಿಕನಿಗೂ ಸಿಗಲಿ ಎಂಬುದಷ್ಟೇ ನಮ್ಮ ಕೋರಿಕೆ. ಮುಂಬಯಿ ಮತ್ತು ಉಪನಗರಗಳಲ್ಲಿ ನೆಲೆಸಿರುವ ಕನ್ನಡಿಗ ಕಾರ್ಮಿಕರು, ನಿವೃತ್ತ ನೌಕರರು, ಗೃಹಿಣಿಯರು, ಪಾರ್ಶ್ವವಾಯು ಪೀಡಿತರ ಮನೆಯವರು ಸೇರಿ ಈ ಮನವಿಗೆ ಸಹಿ ಹಾಕಿದ್ದೇವೆ. ಕೇಳುತ್ತಿರುವುದರಲ್ಲಿ ಬಹುಪಾಲು ಎಲ್ಲ ಭಾಷೆಯವರಿಗೂ ಅನ್ವಯಿಸುತ್ತದೆ.

ಈ ರೋಗದ ಲೆಕ್ಕ ನಮ್ಮ ನಗರದಲ್ಲೇ ಇದೆ. ಲೀಲಾವತಿ ಆಸ್ಪತ್ರೆಯ ಡಾ. ಪಿ. ಎಂ. ದಲಾಲ್ ಅವರ ತಂಡ 2005 ಮತ್ತು 2006ರಲ್ಲಿ ಮುಂಬಯಿಯ ಒಂದು ಭಾಗದ ಮನೆಮನೆಯ ಮಾಹಿತಿ ಕಲೆಹಾಕಿ 2008ರಲ್ಲಿ ಅಧ್ಯಯನ ಪ್ರಕಟಿಸಿತು. ಮೊದಲ ಬಾರಿ ಪಾರ್ಶ್ವವಾಯು ಬಡಿದ 456 ಮಂದಿ ಅದರಲ್ಲಿದ್ದರು. ವರ್ಷಕ್ಕೆ ಲಕ್ಷಕ್ಕೆ 145ರ ಪ್ರಮಾಣ. 28 ದಿನದೊಳಗೆ ತೀರಿಕೊಂಡವರು 136, ಎಂದರೆ ಹತ್ತರಲ್ಲಿ ಮೂವರು. ಇಂಥ ಅಧ್ಯಯನ ಮಾಡಲು ಎಷ್ಟು ತಾಳ್ಮೆ ಬೇಕೆಂಬುದು ಈ ನಗರದ ಚಾಳುಗಳ ಮೆಟ್ಟಿಲು ಹತ್ತಿದವರಿಗೆ ಗೊತ್ತು. ಆ ಕೆಲಸ ಖಾಸಗಿ ಆಸ್ಪತ್ರೆಯೊಂದರ ಸಂಶೋಧಕರ ಆಸಕ್ತಿಯಿಂದ ಆಯಿತು. ಪಾಲಿಕೆ ತನ್ನದೇ ಆದ ಕಾಯಂ ಪಾರ್ಶ್ವವಾಯು ನೋಂದಣಿಯನ್ನು ಆರಂಭಿಸಿ, ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದ ಸಮಯ, ಸಿ.ಟಿ. ಆದ ಸಮಯ, ಸೂಜಿಮದ್ದು ಕೊಟ್ಟ ಸಮಯ ಈ ಮೂರನ್ನೂ ಪ್ರತಿ ಆಸ್ಪತ್ರೆಯಿಂದ ಪಡೆದು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ಲೆಕ್ಕ ಹೊರಗೆ ಬಂದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ ಎಂಬುದು ನಮ್ಮ ಅನುಭವ.

ಸಮಯ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಹೊಟೇಲಿನ ಅಡುಗೆಮನೆಯಿಂದಲೇ ಹೇಳುತ್ತೇವೆ. ಬೆಳಗಿನ ಐದು ಗಂಟೆ, ಕಾವಲಿಯ ಮುಂದೆ ನಿಂತ ಭಟ್ಟರ ಕೈಯಿಂದ ಸಟ್ಟುಗ ಜಾರುತ್ತದೆ. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಹಿಡಿಯುವುದಿಲ್ಲ, ಬಾಯಿ ಒಂದು ಕಡೆ ಎಳೆದಿದೆ, ಮಾತು ತೊದಲು. ಜೊತೆಯವರು "ಬಿ.ಪಿ. ಇಳಿದಿರಬೇಕು" ಎಂದು ಸಕ್ಕರೆ ನೀರು ಕುಡಿಸುತ್ತಾರೆ. ನುಂಗಲಾಗದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದೆಂದು ಅವರಿಗೆ ಹೇಳಿದವರಿಲ್ಲ. ಮಾಲೀಕರು ಬರುವವರೆಗೆ ಒಂದು ಗಂಟೆ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇನ್ನೊಂದು ಗಂಟೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋಗಿ ಕೇಸ್ ಪೇಪರಿನ ಸಾಲಿನಲ್ಲಿ ನಿಂತರೆ, ಸಿ.ಟಿ. ಯಂತ್ರ ಕೆಟ್ಟಿದೆ, ಬೇರೆ ಕಡೆ ಹೋಗಿ ಎಂಬ ಉತ್ತರ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲೇ ಅಂದಾಜು ಮಾಡಿದ್ದಾರೆ. ಭಟ್ಟರು ಆಸ್ಪತ್ರೆಯ ಸ್ಟ್ರೆಚರಿನ ಮೇಲೆ ಮಲಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಇದರಲ್ಲಿ ನಮ್ಮ ಪಾಲಿನ ಕೆಲಸವೂ ಇದೆ, ಅದನ್ನು ನಾವು ಮಾಡುತ್ತೇವೆ: ಮುಖ, ಕೈ, ಮಾತು ಇವುಗಳಲ್ಲಿ ಯಾವುದು ಕೆಟ್ಟರೂ ತಕ್ಷಣ 108ಕ್ಕೆ ಕರೆ ಮಾಡಬೇಕೆಂಬುದನ್ನು ಪ್ರತಿ ಹೊಟೇಲಿನ ಅಡುಗೆಮನೆಗೂ ಮುಟ್ಟಿಸುತ್ತೇವೆ. ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನಾಚರಣೆ ಬಲೂನು ಹಾರಿಸಿ ಮುಗಿಯುವ ಬದಲು, ಹೊಟೇಲುಗಳಿಗೆ ಪರವಾನಗಿ ನವೀಕರಿಸುವಾಗಲೇ ಈ ಸೂಚನಾಪತ್ರವನ್ನು ಮರಾಠಿ, ಹಿಂದಿ, ಕನ್ನಡಗಳಲ್ಲಿ ಪಾಲಿಕೆ ಕೊಡಲಿ. ಅದರಲ್ಲಿ ಒಂದು ಸಾಲು ತಪ್ಪದೇ ಇರಬೇಕು: ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಹತ್ತಾರು ಜನ ಒಂದೇ ಕೋಣೆಯಲ್ಲಿ ಮಲಗುವ ಕಡೆ ಒಬ್ಬ ಎದ್ದಾಗಲೇ ಕೈಕಾಲು ಬಿದ್ದಿದ್ದರೆ, ವೈದ್ಯರು ಮೊದಲು ಕೇಳುವುದು ಇದನ್ನೇ.

ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಕೆ.ಇ.ಎಂ., ಸಯನ್ ಮತ್ತು ನಾಯರ್ ಮೂರೂ ದಕ್ಷಿಣಕ್ಕಿವೆ; ಪಶ್ಚಿಮ ಉಪನಗರಕ್ಕೆ ಕೂಪರ್ ಒಂದೇ. ಬೋರಿವಲಿಯಿಂದಲೋ ಮುಲುಂಡಿನಿಂದಲೋ ಹೊರಟ ಆಂಬುಲೆನ್ಸ್ ಜುಲೈ ತಿಂಗಳ ಮಳೆಯಲ್ಲಿ, ಹಿಂದ್‌ಮಾತಾದಲ್ಲಿ ನೀರು ನಿಂತ ದಿನ, ಪರೇಲು ತಲಪುವುದು ಯಾವಾಗ ಎಂದು ಯಾರೂ ಹೇಳಲಾರರು. ಹೀಗಾಗಿ ರಾಜಾವಾಡಿ, ಭಗವತಿ, ಶತಾಬ್ದಿಯಂಥ ಉಪನಗರದ ಆಸ್ಪತ್ರೆಗಳಲ್ಲೇ ಇಪ್ಪತ್ತನಾಲ್ಕು ಗಂಟೆಯೂ ಸಿ.ಟಿ. ನಡೆಯಬೇಕು, ಸೂಜಿಮದ್ದು ಉಚಿತವಾಗಿ ದಾಸ್ತಾನಿರಬೇಕು, ಅಲ್ಲೇ ಕೊಟ್ಟು ಬಳಿಕ ಮುಂದೆ ಕಳಿಸುವ ಏರ್ಪಾಡಾಗಬೇಕು. ಆಲ್ಟೆಪ್ಲೇಸನ್ನು ಒಂದು ಗಂಟೆ ಹನಿಸಬೇಕಾಗುತ್ತದೆ. ಒಂದೇ ಸೂಜಿಯಲ್ಲಿ ಮುಗಿಯುವ ಟೆನೆಕ್ಟೆಪ್ಲೇಸ್ ಆಂಬುಲೆನ್ಸಿನ ಸಾಗಾಟಕ್ಕೆ ಹೆಚ್ಚು ಅನುಕೂಲ. ನರರೋಗ ತಜ್ಞರಿಲ್ಲ ಎಂಬ ನೆಪ ಸಲ್ಲದು. ಬೆಟ್ಟಗಳ ರಾಜ್ಯವಾದ ಹಿಮಾಚಲ ಪ್ರದೇಶ 2014ರಲ್ಲೇ ತಜ್ಞರಿಲ್ಲದ ಆಸ್ಪತ್ರೆಗಳ ವೈದ್ಯರನ್ನು ಸ್ಮಾರ್ಟ್‌ಫೋನಿನ ಮೂಲಕ ದೂರದ ನರರೋಗ ತಜ್ಞರಿಗೆ ಜೋಡಿಸಿ, ಈ ಮದ್ದನ್ನು ಉಚಿತವಾಗಿ ಕೊಡಿಸಿತು. ಕೇರಳ ತನ್ನ ಜಿಲ್ಲಾ ಆಸ್ಪತ್ರೆಗಳಲ್ಲಿ ಪಾರ್ಶ್ವವಾಯು ಘಟಕಗಳನ್ನು ತೆರೆದಿದೆ. ಘಾಟ್ಕೋಪರಿನಿಂದ ಪರೇಲಿಗೆ ಒಂದು ಫೋನ್ ಮಾಡುವುದು ಅದಕ್ಕಿಂತ ಕಷ್ಟವೇ?

ಇನ್ನು ಅರಿವಳಿಕೆಯ ವಿಚಾರ. ಇದರ ಬಗ್ಗೆ ಮನವಿ ಬರೆಯುವವರು ಕಡಿಮೆ ಎಂದೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇವೆ. ಥ್ರಾಂಬೆಕ್ಟಮಿಗೆ ಕ್ಯಾಥ್ ಲ್ಯಾಬ್ ಸಿದ್ಧವಿದ್ದು ತಜ್ಞರು ಬಂದು ನಿಂತರೂ ಅರಿವಳಿಕೆ ತಜ್ಞರು ಬೇರೆ ಹೆರಿಗೆ ಅಥವಾ ಅಪಘಾತದ ಪ್ರಕರಣದಲ್ಲಿದ್ದರೆ ರೋಗಿ ಕಾಯಲೇಬೇಕು. ಒದ್ದಾಡುವ ರೋಗಿಯ ಮೆದುಳಿನೊಳಗೆ ನಳಿಕೆ ಓಡಿಸಲಾಗದು. ಸಾಮಾನ್ಯ ಅರಿವಳಿಕೆ ಕೊಡುವುದೋ, ಸ್ವಲ್ಪ ಮಂಪರು ಬರಿಸಿ ಎಚ್ಚರವಾಗಿಯೇ ಇರಿಸುವುದೋ ಎಂಬ ವಾದ ಬಹುಕಾಲ ನಡೆಯಿತು. ಇದಕ್ಕಾಗಿ ಹೈಡೆಲ್‌ಬರ್ಗಿನಲ್ಲಿ 150, ಗೋಥೆನ್‌ಬರ್ಗಿನಲ್ಲಿ 90, ಆರ್ಹುಸ್‌ನಲ್ಲಿ 128 ರೋಗಿಗಳ ಮೇಲೆ ಪ್ರಯೋಗಗಳಾದವು. ಮೂರರ ಫಲಿತಾಂಶ ಸೇರಿಸಿ 2019ರಲ್ಲಿ ನೋಡಿದಾಗ, ಸಾಮಾನ್ಯ ಅರಿವಳಿಕೆ ಪಡೆದವರೇ ಮೂರು ತಿಂಗಳ ಬಳಿಕ ತುಸು ಉತ್ತಮ ಸ್ಥಿತಿಯಲ್ಲಿದ್ದರು. ಇದನ್ನು ಓದಿ ಎಲ್ಲರಿಗೂ ಸಾಮಾನ್ಯ ಅರಿವಳಿಕೆ ಕೊಡಿ ಎಂದು ಹೊರಟರೆ ಪಾಠ ತಪ್ಪಿದಂತೆ. ಆ ಮೂರೂ ಕಡೆ ಅನುಭವಿ ತಂಡಗಳಿದ್ದವು. ರೋಗಿಯ ರಕ್ತದೊತ್ತಡ ಕುಸಿಯದಂತೆ ಕಣ್ಣಿಟ್ಟು ಕಾಯುತ್ತಿದ್ದವು, ಅರಿವಳಿಕೆಯ ತಯಾರಿಗೆ ತಡಮಾಡುತ್ತಿರಲಿಲ್ಲ. ಹೆಪ್ಪಿನಾಚೆಗಿನ ಮೆದುಳು ಅಕ್ಕಪಕ್ಕದ ಸಣ್ಣ ನಾಳಗಳ ರಕ್ತದಲ್ಲಿ ಹೇಗೋ ಜೀವ ಹಿಡಿದುಕೊಂಡಿರುವಾಗ, ಅರಿವಳಿಕೆಯ ಮದ್ದಿಗೆ ಒತ್ತಡ ಧಡಕ್ಕನೆ ಇಳಿದರೆ ಆ ಸಣ್ಣ ಹರಿವೂ ನಿಲ್ಲುತ್ತದೆ. ಯಾವ ಮದ್ದು ಎಂಬುದಕ್ಕಿಂತ ಆ ಹೊತ್ತಿನಲ್ಲಿ ಯಾರು ತಲೆದೆಸೆಯಲ್ಲಿ ನಿಂತಿದ್ದಾರೆ ಎಂಬುದು ಮುಖ್ಯ.

ಆದುದರಿಂದ ಥ್ರಾಂಬೆಕ್ಟಮಿ ನಡೆಸುವ ಪಾಲಿಕೆಯ ಪ್ರತಿ ಆಸ್ಪತ್ರೆಯಲ್ಲೂ ಪಾರ್ಶ್ವವಾಯುವಿಗೆಂದೇ ರಾತ್ರಿ ಪಾಳಿಯ ಅರಿವಳಿಕೆ ತಜ್ಞರ ಹುದ್ದೆ ಮಂಜೂರಾಗಲಿ. ಖಾಲಿ ಹುದ್ದೆ ಭರ್ತಿಯಾಗುವವರೆಗೆ ಕಿರಿಯ ನಿವಾಸಿ ವೈದ್ಯರ ಹೆಗಲ ಮೇಲೆ ಮೂರು ಕೋಣೆಗಳ ಭಾರ ಹೇರಬೇಡಿ. ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಥ್ರಾಂಬೆಕ್ಟಮಿಯ ಉಪಕರಣದ ಪೂರ್ತಿ ವೆಚ್ಚ ಸೇರಲಿ; ಯಾವ ಆಸ್ಪತ್ರೆಯಲ್ಲಿ ಎಷ್ಟು ಹೊತ್ತಿಗೆ ಈ ಚಿಕಿತ್ಸೆ ಲಭ್ಯ ಎಂಬ ಪಟ್ಟಿ 108ರ ಆಂಬುಲೆನ್ಸಿನವರ ಕೈಯಲ್ಲಿರಲಿ.

ಶಸ್ತ್ರಚಿಕಿತ್ಸೆಯ ವಿಚಾರದಲ್ಲಿ ಮನೆಯವರ ನಿರೀಕ್ಷೆಯೂ ಒಮ್ಮೊಮ್ಮೆ ದಾರಿ ತಪ್ಪುತ್ತದೆ. ಮೆದುಳಿನಲ್ಲಿ ರಕ್ತಸ್ರಾವವಾಗಿದೆ ಎಂದೊಡನೆ "ಆಪರೇಷನ್ ಮಾಡಿಬಿಡಿ" ಎನ್ನುತ್ತೇವೆ. ಆದರೆ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 2005ರ ಪ್ರಯೋಗದಲ್ಲಿ ಬೇಗನೆ ಶಸ್ತ್ರಚಿಕಿತ್ಸೆ ಮಾಡಿದ್ದರಿಂದ ಒಟ್ಟಾರೆ ಲಾಭ ಕಾಣಲಿಲ್ಲ. ಇನ್ನೊಂದು ಬಗೆಯಲ್ಲಿ ಮಾತ್ರ ಪುರಾವೆ ಗಟ್ಟಿಯಾಗಿದೆ. ದೊಡ್ಡ ನಾಳ ಮುಚ್ಚಿ ಮೆದುಳು ಊದಿಕೊಂಡ, ಅರವತ್ತರೊಳಗಿನ ರೋಗಿಗಳಿಗೆ 48 ಗಂಟೆಯೊಳಗೆ ತಲೆಬುರುಡೆಯ ಒಂದು ಪಾಲನ್ನು ತೆಗೆದು ಒತ್ತಡ ಇಳಿಸಿದಾಗ ನೂರಕ್ಕೆ 78 ಮಂದಿ ಬದುಕಿದರು. ಮಾಡದವರಲ್ಲಿ ಬದುಕಿದ್ದು 29. ಬದುಕಿದವರಲ್ಲಿ ಅನೇಕರು ಪರಾವಲಂಬಿಗಳಾಗಿ ಉಳಿಯುತ್ತಾರೆ ಎಂಬುದೂ ಅಷ್ಟೇ ನಿಜ. ಈ ಎರಡೂ ಮಾತನ್ನು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ, ಕಾರಿಡಾರಿನಲ್ಲಿ ನಿಂತಲ್ಲೇ ಅಲ್ಲ, ಕೂರಿಸಿ ಹೇಳುವ ಕ್ರಮ ಜಾರಿಯಾಗಲಿ.

ಸಹಿಯ ಸಮಸ್ಯೆ ನಮ್ಮವರಿಗೆ ವಿಶೇಷವಾಗಿ ಕಾಡುವಂಥದ್ದು. ರೋಗಿಗೆ ಮಾತು ಹೋಗಿದೆ. ಹೆಂಡತಿ ಕುಂದಾಪುರದಲ್ಲಿ, ಅಣ್ಣ ಕಾರ್ಕಳದಲ್ಲಿ. ಜೊತೆಗಿರುವವನು ಅದೇ ಹೊಟೇಲಿನ ಕ್ಲೀನರ್ ಹುಡುಗ. ಅವನ ಸಹಿ ನಡೆಯುವುದಿಲ್ಲ ಎನ್ನುತ್ತಾರೆ. ತುರ್ತು ರೋಗಿಯ ಜೀವ ಉಳಿಸುವುದೇ ವೈದ್ಯರ ಮೊದಲ ಹೊಣೆ ಎಂದು ಸುಪ್ರೀಂ ಕೋರ್ಟು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ನೆಂಟರು ಇಲ್ಲದಾಗ ವಿಡಿಯೋ ಕರೆಯ ಮೂಲಕ ಒಪ್ಪಿಗೆ ಪಡೆಯುವುದು, ಅದೂ ಸಾಧ್ಯವಿಲ್ಲದಿದ್ದರೆ ಇಬ್ಬರು ವೈದ್ಯರ ಟಿಪ್ಪಣಿಯ ಮೇಲೆ ಮುಂದುವರಿಯುವುದು, ಹೀಗೆ ಒಂದು ಲಿಖಿತ ಆದೇಶ ಎಲ್ಲ ಕ್ಯಾಶುವಲ್ಟಿಗಳಿಗೂ ಹೋಗಲಿ.

ಚಿಕಿತ್ಸೆಗಿರುವ ಈ ಸಡಿಲಿಕೆ ಸಂಶೋಧನೆಗೆ ಹಾಗೆಯೇ ಅನ್ವಯಿಸದು. ಪಾಲಿಕೆಯ ಕಾಲೇಜುಗಳಲ್ಲಿ ಸಂಶೋಧನೆ ನಡೆಯಲಿ, ಹೆಚ್ಚಲಿ. ಮೇಲೆ ಹೇಳಿದ್ದೆಲ್ಲ ನಮಗೆ ಗೊತ್ತಾಗಿದ್ದು ಎಲ್ಲೋ ಯಾರೋ ರೋಗಿಗಳು ಪ್ರಯೋಗಕ್ಕೆ ಒಪ್ಪಿದ್ದರಿಂದಲೇ. ಆದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಹಾಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಗಳು ರೋಗಿಗೆ ತಿಳಿಯುವ ಭಾಷೆಯಲ್ಲೇ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕೆನ್ನುತ್ತವೆ. ಇಂಗ್ಲಿಷ್, ಮರಾಠಿ, ಹಿಂದಿ ನಮೂನೆಗಳ ಜೊತೆ ಕನ್ನಡ ನಮೂನೆಯೂ ಇರಲಿ. ಓದಲು ಬಾರದವರಿಗೆ ಓದಿ ಹೇಳಲು ಪ್ರಯೋಗಕ್ಕೆ ಸಂಬಂಧಿಸದ ಸಾಕ್ಷಿ ಬೇಕು. ಪಾಲಿಕೆಯ ಕನ್ನಡ ಶಾಲೆಗಳ ಶಿಕ್ಷಕರ, ನಮ್ಮ ಸ್ವಯಂಸೇವಕರ ಪಟ್ಟಿ ಕೊಡಲು ಸಿದ್ಧರಿದ್ದೇವೆ. ನಮ್ಮ ಆಸ್ಪತ್ರೆಗಳಲ್ಲಿ ಯಾವ ಪಾರ್ಶ್ವವಾಯು ಪ್ರಯೋಗಗಳು ನಡೆಯುತ್ತಿವೆ, ಅವು ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿವೆಯೇ ಎಂಬುದನ್ನು ಹೊರರೋಗಿ ವಿಭಾಗದ ಗೋಡೆಯ ಮೇಲೆ ತೂಗುಹಾಕಿ.

ಕೊನೆಯದಾಗಿ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ಬದುಕು. "ಮನೆಯವರೇ ವ್ಯಾಯಾಮ ಮಾಡಿಸಿ" ಎಂದು ಚೀಟಿ ಕೊಟ್ಟು ಕಳಿಸುವುದು ಸಾಕಾಗುವುದಿಲ್ಲ ಎಂಬುದಕ್ಕೆ ಭಾರತದ್ದೇ ಪುರಾವೆಯಿದೆ. ದೇಶದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯವರಿಗೆ ತರಬೇತಿ ಕೊಟ್ಟು ಮಾಡಿಸಿದ ಆರೈಕೆಯಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹಾಗಾಗಿ ವಾರ್ಡು ಮಟ್ಟದಲ್ಲಿ ಫಿಸಿಯೋಥೆರಪಿಸ್ಟರನ್ನು ನೇಮಿಸಿ. ಮಾತು ಕಳೆದುಕೊಂಡವರ ಸ್ಥಿತಿ ಇನ್ನೂ ಕಷ್ಟ: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೆಲಸದಲ್ಲಿ ಹಿಂದಿ ಆಡಿದವರನ್ನು ಹಿಂದಿಯಲ್ಲಷ್ಟೇ ಪರೀಕ್ಷಿಸಿದರೆ ಉಳಿದ ಮಾತು ಎಷ್ಟೆಂದು ಗೊತ್ತಾಗದು. ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇಲ್ಲೇ ಇದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕನ್ನಡದ ವಾಕ್ ಚಿಕಿತ್ಸೆಯಲ್ಲಿ ದೀರ್ಘ ಅನುಭವವಿದೆ. ಎರಡನ್ನೂ ಪಾಲಿಕೆಯ ಆಸ್ಪತ್ರೆಗಳಿಗೆ ವಿಡಿಯೋ ಮೂಲಕ ಜೋಡಿಸಲು ದೊಡ್ಡ ಖರ್ಚೇನೂ ಬೇಕಾಗದು.

ಈ ಬೇಡಿಕೆಗಳಲ್ಲಿ ಉಪನಗರ ಆಸ್ಪತ್ರೆಗಳ ಸಿ.ಟಿ. ಮತ್ತು ಸೂಜಿಮದ್ದು, ರಾತ್ರಿ ಪಾಳಿಯ ಅರಿವಳಿಕೆ ತಜ್ಞರು, ಒಪ್ಪಿಗೆಯ ಆದೇಶ ಈ ಮೂರನ್ನು ಮಳೆಗಾಲಕ್ಕೆ ಮುಂಚೆ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇವೆ. ಉಳಿದವನ್ನು ಮುಂದಿನ ಆಯವ್ಯಯದಲ್ಲಿ ಸೇರಿಸಬಹುದು. ಆರೋಗ್ಯ ವಿಭಾಗದ ಅಧಿಕಾರಿಗಳು ಹಾಗೂ ಡೀನರ ಸಮ್ಮುಖದಲ್ಲಿ ನಮ್ಮ ಐವರು ಪ್ರತಿನಿಧಿಗಳಿಗೆ ಭೇಟಿಯ ದಿನಾಂಕ ನಿಗದಿಪಡಿಸಿ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಮುಂಬಯಿ ಹಾಗೂ ಉಪನಗರಗಳ ಕನ್ನಡಿಗ ನಿವಾಸಿಗಳು, ಹೊಟೇಲು ಕಾರ್ಮಿಕರು ಮತ್ತು ಪಾರ್ಶ್ವವಾಯು ಪೀಡಿತರ ಕುಟುಂಬದವರು

ಲಗತ್ತು: ಈ ಮನವಿಯ ಮರಾಠಿ ಪ್ರತಿ, ಸಹಿಗಳ ಹಾಳೆ, ದುಭಾಷಿ ಸ್ವಯಂಸೇವಕರ ವಾರ್ಡುವಾರು ಪಟ್ಟಿ