ಹಳ್ಳದಲ್ಲಿ ಮೀನಿದ್ದರೆ ನೀರು ಶುದ್ಧವೇ?



ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡಬಾರದೆಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೆಲವರು ಕೊಡುವ ಉತ್ತರ ಒಂದೇ: "ಹಳ್ಳದಲ್ಲಿ ಮೀನು ಓಡಾಡುತ್ತಿದೆಯಲ್ಲ ಮಾರಾಯರೇ, ನೀರು ಕೆಟ್ಟಿದ್ದರೆ ಅವು ಬದುಕುತ್ತಿದ್ದವೇ?" ಮೇಲ್ನೋಟಕ್ಕೆ ವಾದ ಸರಿಯೆನಿಸುತ್ತದೆ. ಆದರೆ ಮೀನು ಬದುಕಿರುವುದಕ್ಕೂ ನೀರು ಶುದ್ಧವಾಗಿರುವುದಕ್ಕೂ ಇರುವ ಸಂಬಂಧ ಅಷ್ಟು ನೇರವಾದುದಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಬಂದರನ್ನೇ ನೋಡಿ. 1940ರ ದಶಕದಿಂದ 1970ರ ದಶಕದವರೆಗೆ ಅಲ್ಲಿನ ಕಾರ್ಖಾನೆಗಳಿಂದ ಪಿ.ಸಿ.ಬಿ. ಎಂಬ ವಿಷ ರಾಸಾಯನಿಕ ನೀರಿಗೆ ಸೇರಿತು. ಆದರೂ ಕಿಲ್ಲಿಫಿಶ್ ಎಂಬ ಬೆರಳುದ್ದದ ಮೀನು ಅಲ್ಲಿ ಸುಖವಾಗಿದೆ. ಅಂಥ ಮಲಿನ ನೀರಿನ ಕಿಲ್ಲಿಫಿಶ್‌ಗಳು ಸಾಮಾನ್ಯ ಮೀನುಗಳಿಗಿಂತ 8,000 ಪಟ್ಟಿನವರೆಗೂ ಹೆಚ್ಚು ವಿಷ ತಾಳಬಲ್ಲವೆಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮುಖ್ಯ ಕಾರಣ ವಂಶವಾಹಿಗಳಲ್ಲಿ ಆದ ಬದಲಾವಣೆ. ಅದರ ಜೊತೆಗೆ ಈ ಮೀನುಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಸಮೂಹವೂ ಶುದ್ಧ ನೀರಿನ ಮೀನುಗಳದ್ದಕ್ಕಿಂತ ಭಿನ್ನವಾಗಿದೆ.

ಮೀನು ನೀರಿನಿಂದಲೂ ಆಹಾರದಿಂದಲೂ ಸದಾ ಬ್ಯಾಕ್ಟೀರಿಯಾಗಳನ್ನು ಒಳಗೆ ತೆಗೆದುಕೊಳ್ಳುತ್ತದೆ. ನೀರು ವಿಷವಾದರೆ ತಾಳಲಾರದ ಬ್ಯಾಕ್ಟೀರಿಯಾ ಸಾಯುತ್ತದೆ, ತಾಳುವುದು ಉಳಿದು ಹೆಚ್ಚುತ್ತದೆ. ಅವುಗಳಲ್ಲಿ ಕೆಲವು ವಿಷವನ್ನೇ ಒಡೆದು ಆಹಾರ ಮಾಡಿಕೊಳ್ಳಬಲ್ಲವು. ಮೀನಿನ ಒಂದು ತಲೆಮಾರು ಕಳೆಯಲು ವರ್ಷ ಬೇಕು. ಬ್ಯಾಕ್ಟೀರಿಯಾಕ್ಕೆ ಗಂಟೆಗಳು ಸಾಕು.

ನಂಬಲು ಕಷ್ಟವೆನಿಸಿದರೆ ನಮ್ಮ ತೋಟದ ಶತ್ರುವನ್ನೇ ಕೇಳಬಹುದು. 1990ರಲ್ಲಿ ಗೂಡಲೂರಿನಲ್ಲಿ ಭಾರತಕ್ಕೆ ಮೊದಲು ಕಾಣಿಸಿಕೊಂಡ ಕಾಫಿ ಕಾಯಿಕೊರಕ ದುಂಬಿಯು, ಬೇರೆ ಕೀಟಗಳಿಗೆ ವಿಷವಾದ ಕೆಫೀನನ್ನು ಹೇಗೆ ಅರಗಿಸಿಕೊಳ್ಳುತ್ತದೆ? 2015ರ ಸಂಶೋಧನೆಯಂತೆ, ಅದರ ಕರುಳಿನ ಬ್ಯಾಕ್ಟೀರಿಯಾ ಕೆಫೀನನ್ನು ಒಡೆಯುತ್ತದೆ. ಔಷಧಿ ಕೊಟ್ಟು ಬ್ಯಾಕ್ಟೀರಿಯಾವನ್ನು ಕೊಂದಾಗ ದುಂಬಿಗೆ ಆ ಶಕ್ತಿ ಹೋಯಿತು. ಮರಳಿ ಸೇರಿಸಿದಾಗ ಬಂದಿತು. ಜಪಾನಿನ ಒಂದು ಬಗೆಯ ತಿಗಣೆಯು ಫೆನಿಟ್ರೊಥಿಯಾನ್ ಕೀಟನಾಶಕವನ್ನು ಒಡೆಯುವ ಬ್ಯಾಕ್ಟೀರಿಯಾವನ್ನು ಹೊಲದ ಮಣ್ಣಿನಿಂದಲೇ ಪಡೆಯುತ್ತದೆಂದು 2012ರಲ್ಲಿ ತಿಳಿದುಬಂದಿತು.

ಹಾಗಾದರೆ ಪ್ರಕೃತಿಯೇ ಎಲ್ಲವನ್ನೂ ಸರಿಪಡಿಸಿಕೊಳ್ಳುತ್ತದೆ, ನಮಗೇಕೆ ಚಿಂತೆ ಎನ್ನಬಹುದೇ? ಖಂಡಿತ ಇಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಬದುಕಿದ ಮೀನು ತಿನ್ನಲು ಯೋಗ್ಯವಾದ ಮೀನೇನೂ ಅಲ್ಲ. ನ್ಯೂ ಬೆಡ್‌ಫರ್ಡ್‌ನಲ್ಲಿ ಮೀನುಗಾರಿಕೆಗೆ 1979ರಲ್ಲೇ ನಿರ್ಬಂಧ ಹಾಕಬೇಕಾಯಿತು. ವಿಷ ಮೀನನ್ನು ಕೊಲ್ಲದಿದ್ದರೂ ಅದರ ಮೈಯಲ್ಲಿ ಉಳಿದು ತಿಂದವರನ್ನು ಸೇರುತ್ತದೆ.

ಎರಡನೆಯದು, ಬ್ಯಾಕ್ಟೀರಿಯಾ ಒಡೆಯಲಾಗದ ವಸ್ತುಗಳೂ ಇವೆ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವುದು ತಾಮ್ರ. ಅದು ಮೂಲಧಾತು. ಯಾವ ಜೀವಿಯೂ ಅದನ್ನು ಒಡೆದು ಇಲ್ಲವಾಗಿಸಲಾರದು. ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆದಾಗ ಅದು ಮೀನಿನ ಕಿವಿರಿಗೆ ತಾಗುತ್ತದೆ, ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಮೂರನೆಯದು ಬಹುಮುಖ್ಯ. ಪಲ್ಪರ್ ನೀರಿನ ದೋಷ ವಿಷಕ್ಕಿಂತ ಹೆಚ್ಚಾಗಿ ಉಸಿರುಗಟ್ಟಿಸುವುದು. ಹಣ್ಣಿನ ಲೋಳೆಯಲ್ಲಿರುವ ಸಕ್ಕರೆ ಮತ್ತು ಪೆಕ್ಟಿನ್ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರುತ್ತವೆ. ಹಳ್ಳಕ್ಕೆ ಬಿಡುವ ನೀರಿನ ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ನಿಯಮ. ಸಂಸ್ಕರಿಸದ ಪಲ್ಪರ್ ನೀರಿನಲ್ಲಿ ಅದು ಸಾವಿರಗಳಲ್ಲಿರುತ್ತದೆ. ಉಸಿರೇ ಇಲ್ಲದ ಕಡೆ ಕರುಳಿನ ಬ್ಯಾಕ್ಟೀರಿಯಾ ಏನು ಮಾಡೀತು? ಅಂಥ ನೀರಿನಲ್ಲಿ ಉಳಿಯುವುದು ಮೇಲಕ್ಕೆ ಬಂದು ಗಾಳಿ ಕುಡಿಯುವ ಮುಗುಡಿನಂಥ ಮೀನು ಮಾತ್ರ. ಅದನ್ನು ಕಂಡು ನೀರು ಚೆನ್ನಾಗಿದೆಯೆಂದರೆ ನಾವೇ ಮೋಸಹೋದಂತೆ. ಹಳ್ಳದಲ್ಲಿ ಮೀನಿದೆಯೇ ಎಂದು ಕೇಳಿದರೆ ಸಾಲದು. ಹಿಂದೆ ಎಷ್ಟು ಜಾತಿ ಇತ್ತು, ಈಗ ಎಷ್ಟು ಉಳಿದಿದೆ ಎಂದು ಕೇಳಬೇಕು.

ಪಲ್ಪಿಂಗ್ ನಡೆಯುವುದೂ ಹಳ್ಳ ಸೊರಗುವ ಚಳಿಗಾಲ, ಬೇಸಿಗೆಗಳಲ್ಲೇ. ಕೆಳಗಿನ ತೋಟದವರು ದನಕ್ಕೆ ಕುಡಿಸುವುದು, ಅಡಿಕೆಗೆ ಬಿಡುವುದು ಅದೇ ನೀರನ್ನು. ಅವರೂ ನಮ್ಮ ಸಂಘದ ಸದಸ್ಯರೇ. 1974ರ ಜಲಮಾಲಿನ್ಯ ಕಾಯಿದೆಗೆ ಹೆದರಿ ಮಾಡುವುದಕ್ಕಿಂತ ನೆರೆಹೊರೆಯ ಮುಖ ನೋಡಿ ಮಾಡುವುದು ಮೇಲು.

ದಾರಿ ಇಲ್ಲದಿಲ್ಲ. ಒಂದೇ ನೀರನ್ನು ಮತ್ತೆ ಮತ್ತೆ ಬಳಸಿದರೆ ಹೊರಬೀಳುವ ನೀರೇ ಕಡಿಮೆಯಾಗುತ್ತದೆ. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಉಳಿದ ನೀರನ್ನು ಇಂಗದಂತೆ ಮಾಡಿದ ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣ ಬೆರೆಸಿ ಹುಳಿ ತಗ್ಗಿಸಿ, ಹಂತ ಹಂತವಾಗಿ ಸಂಸ್ಕರಿಸಬೇಕು. ಅಲ್ಲಿಯೂ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳೇ. ಮೀನಿನ ಹೊಟ್ಟೆಯಲ್ಲಿ ದುಡಿಸುವ ಬದಲು ಅವನ್ನು ನಮ್ಮ ಹೊಂಡದಲ್ಲಿ ದುಡಿಸೋಣ.

ಎರಡು ಮೂರು ಎಕರೆಯವರು ಒಬ್ಬೊಬ್ಬರೇ ಹೊಂಡ ಕಟ್ಟಿಸುವುದು ಕಷ್ಟ. ಒಂದೇ ಹಳ್ಳದ ಬದಿಯ ನಾಲ್ಕೈದು ಸದಸ್ಯರು ಸೇರಿ ಒಂದು ಪಲ್ಪರ್, ಒಂದು ಸಾಲು ಹೊಂಡ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸುವವನಿದ್ದೇನೆ. ಯಾವ ಹಳ್ಳಕ್ಕೆ ಯಾರು ಯಾರು ಸೇರಬಹುದೆಂಬುದನ್ನು ತಾವು ನೆರೆಯವರೊಡನೆ ಈಗಲೇ ಮಾತಾಡಿಕೊಂಡು ಬರಬೇಕೆಂದು ಕೋರುತ್ತೇನೆ.

– ಕಾರ್ಯದರ್ಶಿ